ಘಾಟಿ ಇಳಿಯುತ್ತಿದ್ದ ಭಾರ ಈಗ ಏರುತ್ತಿದೆ

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಹದಿನಾರು ಹದಿನೇಳು ವರ್ಷಗಳ ಹಿಂದೆ ಅದಿರು ತುಂಬಿದ ಗೂಡ್ಸ್ ಗಾಡಿಗಳು ಮಂಗಳೂರಿನ ಕಡೆಗೆ ಇಳಿಯುವ ಸದ್ದು ರಾತ್ರಿಯಿಡೀ ಮನೆಗೆ ಕೇಳಿಸುತ್ತಿತ್ತು. ಈಗ ಆ ಗಾಡಿಗಳು ಕಾಣುವುದಿಲ್ಲ. ಶಿರಾಡಿ ಘಾಟಿಯ ರಸ್ತೆಯಲ್ಲಿ ಲಾರಿಗಳ ಸಾಲು ಮಾತ್ರ ಬೆಳೆಯುತ್ತಲೇ ಇದೆ. ಬಂದರಿನ ವಹಿವಾಟು ಹೆಚ್ಚಿದೆ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಹಾಗಾದರೆ ರೈಲಿನಲ್ಲಿದ್ದ ಸರಕೆಲ್ಲ ರಸ್ತೆಗೆ ಹೋಯಿತೇ? ಘಾಟಿಯಲ್ಲಿ ವಿದ್ಯುತ್ ಎಂಜಿನ್ ಓಡಿದರೆ ಲಾರಿಗಳು ಕಡಿಮೆಯಾಗುತ್ತವೆಯೇ? ಕೊಂಕಣ ರೈಲಿನಲ್ಲಿ ಮಾಡುವಂತೆ ಲಾರಿಗಳನ್ನೇ ರೈಲಿಗೆ ಹತ್ತಿಸಲು ಇಲ್ಲಿ ಏಕೆ ಆಗುವುದಿಲ್ಲ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ. ನೀವು ರಾತ್ರಿ ಕೇಳಿಸಿಕೊಳ್ಳುತ್ತಿದ್ದ ಅದಿರು ರಸ್ತೆಗೆ ಹೋಗಲಿಲ್ಲ, ಹಡಗು ಹತ್ತುವುದನ್ನೇ ನಿಲ್ಲಿಸಿತು. ಶಿರಾಡಿಯಲ್ಲಿ ನೀವು ಈಗ ನೋಡುತ್ತಿರುವ ಲಾರಿಗಳಲ್ಲಿ ಇರುವುದು ಬೇರೆಯದೇ ಸರಕು, ಮತ್ತು ಅದರಲ್ಲಿ ಹೆಚ್ಚಿನದು ಎಂದೂ ರೈಲು ಹತ್ತಿದ್ದೇ ಇಲ್ಲ. ಈ ಎರಡನ್ನು ಬೇರೆ ಬೇರೆಯಾಗಿ ನೋಡದೆ ಹೋದರೆ ರೈಲ್ವೆಯಿಂದ ನಾವು ಕೇಳಬಾರದ್ದನ್ನು ಕೇಳುತ್ತೇವೆ, ಕೇಳಬೇಕಾದ್ದನ್ನು ಬಿಡುತ್ತೇವೆ. ಸರಕು ರೈಲುಗಳ ಸಂಚಾರ ನಿಯಂತ್ರಣದಲ್ಲಿ ಹಲವು ವರ್ಷ ಕೆಲಸ ಮಾಡಿದವನಾಗಿ ನನಗೆ ಇದರ ಬಗ್ಗೆ ಕಳಕಳಿ ಇದೆ. ಹಾಗಾಗಿ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಮಲಬಾರಿನ ಕಡೆಯಿಂದ. ಊರು ಆಗ ಮದರಾಸು ಪ್ರಾಂತ್ಯದಲ್ಲಿತ್ತು, ಹಳಿಗಳು ತೆಂಕಣಕ್ಕೆ ಹೋದವು. ಆದರೆ ಈ ಬಂದರಿಗೆ ಸರಕು ಕೊಡುವ ಒಳನಾಡು ಇರುವುದು ಮೂಡಣದಲ್ಲಿ, ಘಟ್ಟದ ಮೇಲೆ. ಪಣಂಬೂರಿನಲ್ಲಿ ನವ ಮಂಗಳೂರು ಬಂದರು ಉದ್ಘಾಟನೆಯಾದದ್ದು 1975ರಲ್ಲಿ. ಅದನ್ನು ಒಳನಾಡಿಗೆ ಜೋಡಿಸುವ ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ ಪೂರ್ಣವಾಗಿ ತೆರೆದದ್ದು 1979ರಲ್ಲಿ. ಹದಿನೇಳು ವರ್ಷ ಓಡಿದ ಮೇಲೆ 1996ರಲ್ಲಿ ಬ್ರಾಡ್ ಗೇಜ್ ಪರಿವರ್ತನೆಗಾಗಿ ಅದನ್ನು ಮುಚ್ಚಲಾಯಿತು. ಹಣವಿಲ್ಲದೆ ಕೆಲಸ ಕುಂಟಿತು. ಕೊನೆಗೆ ರೈಲ್ವೆ, ರಾಜ್ಯ ಸರ್ಕಾರ ಮತ್ತು ಬಂದರು ಪಾಲುದಾರರಾಗಿ ಹಾಸನ ಮಂಗಳೂರು ರೈಲು ಅಭಿವೃದ್ಧಿ ಕಂಪನಿ ಹುಟ್ಟಿಕೊಂಡ ಮೇಲೆ ಕೆಲಸ ಮುಗಿಯಿತು. 2006ರಲ್ಲಿ ಸರಕು ರೈಲು, 2007ರ ಡಿಸೆಂಬರ್‌ನಲ್ಲಿ ಪ್ರಯಾಣಿಕರ ರೈಲು ಮತ್ತೆ ಘಾಟಿಗೆ ಬಂದವು.

ನಡುವೆ ಕಳೆದ ಆ ಹತ್ತು ವರ್ಷಗಳ ಬಗ್ಗೆ ನನಗೆ ಇಂದಿಗೂ ವಿಷಾದವಿದೆ. ಮಂಗಳೂರಿನ ತೈಲ ಶುದ್ಧೀಕರಣ ಕಾರ್ಖಾನೆ ಬೆಳೆದದ್ದು, ಬೆಂಗಳೂರು ಹಿಗ್ಗಿದ್ದು, ರಾಜ್ಯದ ವ್ಯಾಪಾರ ಹೊರದೇಶಗಳಿಗೆ ತೆರೆದುಕೊಂಡದ್ದು ಎಲ್ಲವೂ ಅದೇ ಕಾಲದಲ್ಲಿ. ಆಗ ಬಂದರಿನಿಂದ ಘಟ್ಟದ ಮೇಲಕ್ಕೆ ಹೋಗಲು ಸರಕಿಗೆ ರಸ್ತೆ ಬಿಟ್ಟು ಬೇರೆ ದಾರಿ ಇರಲಿಲ್ಲ. ಲಾರಿ ಮಾಲೀಕರು, ಸಾಗಣೆ ದಲ್ಲಾಳಿಗಳು, ಗೋದಾಮುಗಳು, ದಾರಿ ಬದಿಯ ಗ್ಯಾರೇಜುಗಳು ಎಲ್ಲ ರಸ್ತೆಯನ್ನೇ ನಂಬಿ ಬೇರೂರಿದವು. ಒಂದು ಊರಿನ ಸರಕು ಒಮ್ಮೆ ಒಂದು ದಾರಿಗೆ ಒಗ್ಗಿಕೊಂಡರೆ ಅದನ್ನು ತಿರುಗಿಸುವುದು ಹಳಿ ಹಾಕುವುದಕ್ಕಿಂತ ಕಷ್ಟದ ಕೆಲಸ.

ಮತ್ತೆ ತೆರೆದ ಮಾರ್ಗಕ್ಕೆ ಕೂಡಲೇ ಕೈತುಂಬ ಕೆಲಸ ಕೊಟ್ಟದ್ದು ಬಳ್ಳಾರಿ–ಹೊಸಪೇಟೆಯ ಕಬ್ಬಿಣದ ಅದಿರು. ಚೀನಾದ ಬೇಡಿಕೆ ಏರಿದ್ದ ಕಾಲ ಅದು. ನೀವು ಕೇಳಿಸಿಕೊಂಡ ಸದ್ದು ಅದರದೇ. ಕುದುರೆಮುಖದಿಂದ 67 ಕಿಲೋಮೀಟರ್ ಕೊಳವೆಯಲ್ಲಿ ಕೆಸರಿನಂತೆ ಹರಿದು ಪಣಂಬೂರಿಗೆ ಬರುತ್ತಿದ್ದ ಅದಿರು 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ ನಿಂತಿತ್ತು, ಮರುವರ್ಷವೇ ರೈಲಿನ ಅದಿರು ಶುರುವಾಯಿತು. ಆದರೆ ಅದರ ಆಯುಷ್ಯ ಬಹಳ ಕಡಿಮೆ. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆಮೇಲೆ ಗಣಿಗಳು ಹಂತ ಹಂತವಾಗಿ ತೆರೆದರೂ ರಫ್ತಿಗೆ ಅನುಮತಿ ಸಿಕ್ಕಿದ್ದು 2022ರ ಮೇ ತಿಂಗಳಿನಲ್ಲಿ. ಎರಡೇ ದಿನಗಳಲ್ಲಿ ಕೇಂದ್ರ ಸರ್ಕಾರ ಅದಿರಿನ ಮೇಲೆ ಶೇಕಡಾ 50ರಷ್ಟು ರಫ್ತು ಸುಂಕ ಹೇರಿತು. ಆ ಸುಂಕವನ್ನು ನವೆಂಬರ್‌ನಲ್ಲಿ ಹಿಂದಕ್ಕೆ ಪಡೆದದ್ದು ನಿಜ. ಆದರೆ ಅಷ್ಟರೊಳಗೆ ತೋರಣಗಲ್ಲಿನಂಥ ಕಡೆಯ ಉಕ್ಕಿನ ಕಾರ್ಖಾನೆಗಳು ಎಷ್ಟು ಬೆಳೆದಿದ್ದವೆಂದರೆ ಅದಿರಿಗೆ ಗಣಿಯ ಪಕ್ಕದಲ್ಲೇ ಕೊಳ್ಳುವವರಿದ್ದರು. ಗಣಿ ಅಕ್ರಮವನ್ನು ತಡೆದದ್ದು ಸರಿಯಾದ ನಿರ್ಧಾರ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಒಂದೇ ಸರಕನ್ನು ನೆಚ್ಚಿಕೊಂಡ ರೈಲು ಮಾರ್ಗ ಆ ಸರಕಿನ ಹಣೆಬರಹವನ್ನೇ ಹೊತ್ತಿರುತ್ತದೆ ಎಂಬುದಕ್ಕೂ ಇದಕ್ಕಿಂತ ದೊಡ್ಡ ಉದಾಹರಣೆ ನಮ್ಮಲ್ಲಿಲ್ಲ.

ಇನ್ನು ಹೊರಗಿನವರಿಗೆ ಅಷ್ಟಾಗಿ ಕಾಣದ ಬದಲಾವಣೆಯ ಮಾತು. ಅದಿರಿನ ಕಾಲದಲ್ಲಿ ಭಾರ ಇಳಿಯುತ್ತಿತ್ತು. ಈಗ ಬಂದರಿನಿಂದ ಒಳನಾಡಿಗೆ ಹೋಗುವ ಸರಕಿನಲ್ಲಿ ಮುಖ್ಯವಾದವು ಆಮದು ಕಲ್ಲಿದ್ದಲು ಮತ್ತು ರಸಗೊಬ್ಬರ. ಅಂದರೆ ಭಾರ ಏರಬೇಕು. ಇಳಿಯುವ ರೈಲಿಗೆ ಬೇಕಾದದ್ದು ಬ್ರೇಕು, ಏರುವ ರೈಲಿಗೆ ಬೇಕಾದದ್ದು ಎಳೆತ. ಸಕಲೇಶಪುರದಿಂದ ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ 55 ಕಿಲೋಮೀಟರ್‌ನಲ್ಲಿ 57 ಸುರಂಗಗಳಿವೆ, ನೂರಕ್ಕೂ ಹೆಚ್ಚು ಸೇತುವೆಗಳಿವೆ. ಏರು 50ಕ್ಕೆ 1, ಎಂದರೆ ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ.

ಕೇಳುವುದಕ್ಕೆ ಸಣ್ಣ ಸಂಖ್ಯೆ. ರೈಲಿನ ಲೆಕ್ಕದಲ್ಲಿ ಅದು ಗೋಡೆ ಹತ್ತಿದಂತೆ. 4,000 ಟನ್ ತೂಕದ ರೈಲನ್ನು ತೆಗೆದುಕೊಳ್ಳಿ. ಆ ಏರಿನಲ್ಲಿ ಅದು ಜಾರದಂತೆ ಹಿಡಿದಿಡುವುದಕ್ಕೇ 80 ಟನ್ನಿನಷ್ಟು ಬಲ ಬೇಕು. ತಿರುವುಗಳಲ್ಲಿ ಚಕ್ರ ಹಳಿಗೆ ಉಜ್ಜುವುದನ್ನು, ಮಾಮೂಲು ಘರ್ಷಣೆಯನ್ನು ಸೇರಿಸಿದರೆ ಲೆಕ್ಕ ನೂರು ಟನ್ನಿನ ಹತ್ತಿರಕ್ಕೆ ಹೋಗುತ್ತದೆ. ದೊಡ್ಡ ಡೀಸೆಲ್ ಎಂಜಿನ್ ಬಿಡದೆ ಎಳೆಯಬಲ್ಲದ್ದು ಸುಮಾರು ನಲವತ್ತು ಟನ್. ಬಯಲಿನಲ್ಲಿ ಒಂದೋ ಎರಡೋ ಎಂಜಿನ್ ಎಳೆಯುವ ಗಾಡಿಗೆ ಇಲ್ಲಿ ಮೂರಾದರೂ ಬೇಕು, ಮಳೆಗಾಲದಲ್ಲಿ ಹಳಿ ಒದ್ದೆಯಾಗಿ ಚಕ್ರ ಜಾರತೊಡಗಿದರೆ ಅದೂ ಸಾಲದು. ಹಾಗಾಗಿಯೇ ಮುಂದೆ ಎಳೆಯುವ ಎಂಜಿನ್‌ಗಳಲ್ಲದೆ ಹಿಂದಿನಿಂದ ದೂಡುವ ಬ್ಯಾಂಕರ್ ಎಂಜಿನ್‌ಗಳನ್ನೂ ಕಟ್ಟುತ್ತಾರೆ. ದೂಡಿ ಮುಗಿದ ಮೇಲೆ ಆ ಬ್ಯಾಂಕರ್‌ಗಳು ಮತ್ತೆ ಕೆಳಗಿಳಿಯಬೇಕು. ಇಳಿಯುವ ಗಾಡಿಗೆ ಸೇರಿಸಿ ಕಳಿಸಲಾಗದಿದ್ದರೆ ಬರೀ ಎಂಜಿನ್‌ಗಳನ್ನೇ ಒಂಟಿ ಹಳಿಯ ಮೇಲೆ ಓಡಿಸಬೇಕು. ಅಷ್ಟು ಹೊತ್ತು ಇನ್ನೊಂದು ರೈಲು ಕಾಯಬೇಕು.

ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು. ನಡುವೆ ರೈಲುಗಳು ಒಂದಕ್ಕೊಂದು ದಾರಿ ಬಿಡಬಹುದಾದ ನಿಲ್ದಾಣಗಳು ಇಷ್ಟೇ. ಘಾಟಿಯಲ್ಲಿ ವೇಗ ಗಂಟೆಗೆ 30 ಕಿಲೋಮೀಟರಿನ ಆಸುಪಾಸು. ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಅರ್ಧ ಗಂಟೆ ಎಂದು ಇಟ್ಟುಕೊಂಡರೆ, ಇಡೀ ದಿನದಲ್ಲಿ ಎಷ್ಟು ರೈಲು ದಾಟಬಹುದು ಎಂಬುದನ್ನು ನೀವೇ ಲೆಕ್ಕ ಹಾಕಬಹುದು. ಅದರಲ್ಲಿ ಪ್ರಯಾಣಿಕರ ರೈಲುಗಳಿಗೆ ಮೊದಲ ಹಕ್ಕು. ಉಳಿದ ಸಂದುಗಳಲ್ಲಿ ಗೂಡ್ಸ್.

ಮಳೆಗಾಲದ ರಾತ್ರಿಗಳಲ್ಲಿ ಎಡಕುಮೇರಿಯಿಂದ ಗಾಡಿ ದಾಟಿದ ಸುದ್ದಿ ಬರುವವರೆಗೆ ಫೋನಿನ ಮುಂದೆ ಕುಳಿತಿರುವುದು ಎಂಥ ಅನುಭವ ಎಂದು ಆ ಕೆಲಸ ಮಾಡಿದವರೆಲ್ಲ ಬಲ್ಲರು. ಟಾರ್ಚ್ ಹಿಡಿದು ಹಳಿಯುದ್ದಕ್ಕೂ ನಡೆಯುವ ಟ್ರ್ಯಾಕ್‌ಮನ್‌ಗಳು ಕಳಿಸುವ ಸಂದೇಶವೇ ಆಗ ಎಲ್ಲರ ಧೈರ್ಯ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ತಿಂಗಳಿಗೂ ಹೆಚ್ಚು ಕಾಲ ಮಾರ್ಗ ಮುಚ್ಚಿತ್ತು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ ಮತ್ತೆ ಸಂಚಾರ ನಿಂತಿತು. ಆ ಜಾಗಗಳಿಗೆ ವಾಹನ ಹೋಗುವ ಸರಿಯಾದ ರಸ್ತೆಯಿಲ್ಲ, ಕಲ್ಲು, ಮರಳಿನ ಚೀಲ, ಯಂತ್ರ ಎಲ್ಲವೂ ರೈಲಿನಲ್ಲೇ ಬರಬೇಕು. ಇಷ್ಟು ತಿಂಗಳಲ್ಲಿ ಇಷ್ಟು ದಿನ ಮಾರ್ಗ ಇರುವುದಿಲ್ಲ ಎಂಬ ಅಳುಕು ಇರುವ ಕಡೆ ರಫ್ತುದಾರ ಹಡಗಿನ ದಿನಾಂಕಕ್ಕೆ ತನ್ನ ಸರಕನ್ನು ರೈಲಿಗೆ ಒಪ್ಪಿಸಲು ಹಿಂಜರಿದರೆ ತಪ್ಪು ಹೇಳಲಾರೆ.

ಬಂದರಿನ ವಹಿವಾಟು ಹೆಚ್ಚಿದ್ದು ಹೌದು. ವರ್ಷಕ್ಕೆ ನಾಲ್ಕು ಕೋಟಿ ಟನ್ನಿಗೂ ಹೆಚ್ಚು ಸರಕನ್ನು ಅದು ನಿಭಾಯಿಸುತ್ತದೆ. ಆದರೆ ಅದರಲ್ಲಿ ಬಹುದೊಡ್ಡ ಪಾಲು ಕಚ್ಚಾ ತೈಲ, ತೈಲೋತ್ಪನ್ನ ಮತ್ತು ಅಡುಗೆ ಅನಿಲ. ಇವು ರೈಲಿಗೂ ಬರುವುದಿಲ್ಲ, ಈಗ ಬಹುಮಟ್ಟಿಗೆ ರಸ್ತೆಗೂ ಬರುವುದಿಲ್ಲ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಪೆಟ್ರೋಲ್ ಡೀಸೆಲ್ ಒಯ್ಯುವ ಕೊಳವೆ ಮಾರ್ಗ 2003ರಿಂದ ಇದೆ. ಅಡುಗೆ ಅನಿಲಕ್ಕೆ ಹಾಸನ, ಮೈಸೂರು, ಬೆಂಗಳೂರಿನ ಕಡೆಗೆ ಇನ್ನೊಂದು ಕೊಳವೆ ಆಮೇಲೆ ಬಂತು. 2013ರಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಅನಿಲ ಟ್ಯಾಂಕರ್ ಉರುಳಿ ಬೆಂಕಿ ಹೊತ್ತಿ ಜೀವಗಳು ಹೋದದ್ದನ್ನು ನೆನೆದರೆ, ಆ ಸರಕು ಮಣ್ಣಿನಡಿಗೆ ಇಳಿದದ್ದು ಒಳ್ಳೆಯದೇ ಆಯಿತು ಎನಿಸುತ್ತದೆ. ರೈಲಿಗೆ ಒಂದು ಸರಕು ತಪ್ಪಿತು ಎಂದು ಅದಕ್ಕಾಗಿ ನಾನು ಮರುಗುವುದಿಲ್ಲ. ಬಂದರಿನ ಅಂಕಿಯನ್ನು ನೋಡಿ ರೈಲಿನ ಅಂಕಿಯನ್ನು ಊಹಿಸಬಾರದು ಎಂಬುದಷ್ಟೇ ನನ್ನ ಮಾತು.

ಕಲ್ಲಿದ್ದಲೂ ಎಲ್ಲವೂ ಘಾಟಿ ಹತ್ತುವುದಿಲ್ಲ. ಉಡುಪಿ ಜಿಲ್ಲೆಯ ಎಲ್ಲೂರಿನ 1,200 ಮೆಗಾವಾಟ್ ವಿದ್ಯುತ್ ಸ್ಥಾವರ ಆಮದು ಕಲ್ಲಿದ್ದಲಿನದೇ. ಅದರ ರೇಕ್‌ಗಳು, ಎಂದರೆ ಒಂದು ಗೂಡ್ಸ್ ಗಾಡಿಯ ಪೂರ್ತಿ ವ್ಯಾಗನ್ ಸಾಲುಗಳು, ಪಣಂಬೂರಿನಿಂದ ಕೊಂಕಣ ರೈಲಿನ ಹಳಿಯ ಮೇಲೆ ನಂದಿಕೂರಿನ ಕಡೆಗೆ, ಕರಾವಳಿಯುದ್ದಕ್ಕೇ ಹೋಗುತ್ತವೆ. ಸಕಲೇಶಪುರದಲ್ಲಿ ನಿಂತ ನಿಮಗೆ ಅವು ಕಾಣುವುದಿಲ್ಲ.

ಈಗ ಶಿರಾಡಿಯ ಲಾರಿಗಳು. ಅವುಗಳಲ್ಲಿ ಕಂಟೇನರ್‌ಗಳಿವೆ, ಸಿಮೆಂಟು, ಧಾನ್ಯ, ಗೇರುಬೀಜ, ಯಂತ್ರದ ಬಿಡಿಭಾಗ, ದಿನಸಿ ಎಲ್ಲವೂ ಇದೆ. ಇವೆಲ್ಲ ಸಣ್ಣ ಸಣ್ಣ ಪಾಲುಗಳ ಸರಕು. ರೈಲು ಕೇಳುವುದು ಒಮ್ಮೆಗೆ ಪೂರ್ತಿ ರೇಕ್. ನಿಮಗೆ ಹತ್ತಿರವಾದ ಕಾಫಿಯಿಂದಲೇ ಹೇಳುತ್ತೇನೆ. ಇಪ್ಪತ್ತು ಅಡಿಯ ಕಂಟೇನರಿನಲ್ಲಿ 60 ಕಿಲೋ ತೂಕದ 320 ಮೂಟೆ ಹಿಡಿಯುತ್ತದೆ, ಎಂದರೆ 19 ಟನ್ನಿಗೆ ಸ್ವಲ್ಪ ಹೆಚ್ಚು. ಒಂದು ಕಂಟೇನರ್ ರೈಲಿಗೆ 45 ವ್ಯಾಗನ್, ವ್ಯಾಗನ್ನಿಗೆ ಎರಡು ಪೆಟ್ಟಿಗೆಯಂತೆ 90 ಕಂಟೇನರ್. ಒಟ್ಟು 1,700 ಟನ್ನಿಗಿಂತ ತುಸು ಹೆಚ್ಚು. ಕರ್ನಾಟಕದಲ್ಲಿ ವರ್ಷಕ್ಕೆ ಬೆಳೆಯುವ ಕಾಫಿ ಸುಮಾರು ಎರಡೂವರೆ ಲಕ್ಷ ಟನ್. ಒಂದು ಕಾಳೂ ಬಿಡದೆ ಅದನ್ನೆಲ್ಲ ಮಂಗಳೂರಿಗೆ ರೈಲಿನಲ್ಲಿ ಕಳಿಸಿದರೂ ವರ್ಷಕ್ಕೆ ನೂರೈವತ್ತು ರೈಲು ಆಗುವುದಿಲ್ಲ. ಎರಡು ಮೂರು ದಿನಕ್ಕೆ ಒಂದು. ಅದರಲ್ಲೂ ಒಬ್ಬ ರಫ್ತುದಾರನ ಒಂದು ಹಡಗಿನ ಪಾಲು ಐದು, ಹತ್ತು ಪೆಟ್ಟಿಗೆ ಇರಬಹುದು. ತೊಂಬತ್ತು ತುಂಬುವವರೆಗೆ ಅವನು ಕಾಯಲಾರ. ಸಕಲೇಶಪುರದಿಂದ ಪಣಂಬೂರಿಗೆ ಲಾರಿ ಒಂದೇ ಹಗಲಿನಲ್ಲಿ ತಲುಪುತ್ತದೆ. ಹಾಗಾಗಿ ನಿಮ್ಮ ತೋಟದ ಕಾಫಿ ನೇರವಾಗಿ ರೈಲು ಹತ್ತುತ್ತದೆ ಎಂಬ ಆಸೆಯನ್ನು ನಾನು ನಿಮಗೆ ಕೊಡಲಾರೆ. ನೂರಿನ್ನೂರು ಕಿಲೋಮೀಟರಿನ ದೂರದಲ್ಲಿ ಎರಡು ಕಡೆ ಎತ್ತಿ ಇಳಿಸುವ ಖರ್ಚೇ ರೈಲಿನ ಲಾಭವನ್ನು ನುಂಗುತ್ತದೆ.

ರೈಲಿಗೆ ನಿಜವಾಗಿ ಸೇರಬೇಕಾದದ್ದು ಬೆಂಗಳೂರಿನ ಪೆಟ್ಟಿಗೆಗಳು. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿರುವ ಒಳನಾಡು ಕಂಟೇನರ್ ಡಿಪೋದಿಂದ ಚೆನ್ನೈ ಬಂದರಿಗೆ ಸುಮಾರು 350 ಕಿಲೋಮೀಟರ್. ಕುಣಿಗಲ್–ಶ್ರವಣಬೆಳಗೊಳ ಮಾರ್ಗ 2017ರಲ್ಲಿ ತೆರೆದ ಮೇಲೆ ಬೆಂಗಳೂರಿನಿಂದ ಹಾಸನದ ಮೂಲಕ ಮಂಗಳೂರಿಗೂ ಹೆಚ್ಚು ಕಡಿಮೆ ಅಷ್ಟೇ ದೂರ. ಆದರೂ ಪೆಟ್ಟಿಗೆಗಳು ಚೆನ್ನೈಗೆ ಹೋಗುತ್ತವೆ. ಕಾರಣ ಒಂದು, ಆ ದಾರಿ ಜೋಡಿ ಹಳಿಯದು, ವಿದ್ಯುದೀಕರಣ ಆಗಿ ಬಹಳ ಕಾಲವಾಗಿದೆ, ನಡುವೆ ಇಂಥ ಘಾಟಿಯಿಲ್ಲ. ಕಾರಣ ಎರಡು, ಚೆನ್ನೈಗೆ ಹಡಗುಗಳು ಹೆಚ್ಚು ಬರುತ್ತವೆ. ಮೂರನೆಯದೇ ಎಲ್ಲಕ್ಕಿಂತ ದೊಡ್ಡದು: ಹಿಂತಿರುಗುವಾಗ ತರಲು ಅಲ್ಲಿ ಆಮದು ಪೆಟ್ಟಿಗೆಗಳಿವೆ. ಖಾಲಿ ರೈಲನ್ನು ಎಳೆದು ತರುವ ಖರ್ಚನ್ನು ಯಾರಾದರೂ ಹೊರಲೇಬೇಕಲ್ಲವೇ? ಮಂಗಳೂರಿನ ಆಮದಿನಲ್ಲಿ ದ್ರವ ಮತ್ತು ಕಲ್ಲಿದ್ದಲು ಹೆಚ್ಚು, ಪೆಟ್ಟಿಗೆ ಕಡಿಮೆ. ಕಲ್ಲಿದ್ದಲಿನ ತೆರೆದ ವ್ಯಾಗನ್ನಿನಲ್ಲಿ ಕಂಟೇನರ್ ಕೂರುವುದಿಲ್ಲ. ಹೀಗೆ ಏರುವ ಗಾಡಿಯೊಂದು, ಇಳಿಯುವ ಗಾಡಿಯೊಂದು, ಎರಡಕ್ಕೂ ಒಂದೊಂದು ಕಡೆ ಖಾಲಿ ಓಟ.

ಲಾರಿಗಳನ್ನೇ ರೈಲಿಗೆ ಹತ್ತಿಸುವ ಮಾತಿಗೆ ಬರುತ್ತೇನೆ. ಕೊಂಕಣ ರೈಲು 1999ರ ಜನವರಿಯಲ್ಲಿ ಕೋಲಾಡ್ ಮತ್ತು ಗೋವಾದ ವೆರ್ಣಾ ನಡುವೆ ಈ ರೋ-ರೋ ಸೇವೆ ಶುರು ಮಾಡಿತು, ಆಮೇಲೆ ಅದನ್ನು ಸುರತ್ಕಲ್‌ವರೆಗೆ ತಂದಿತು. ಅದು ಗೆದ್ದದ್ದು ದೂರದಿಂದ. ಸುರತ್ಕಲ್‌ನಿಂದ ಕೋಲಾಡ್‌ಗೆ ಏಳುನೂರು ಕಿಲೋಮೀಟರಿಗೂ ಹೆಚ್ಚು. ಅಷ್ಟು ದೂರ ಚಾಲಕ ನಿದ್ದೆ ಮಾಡಬಹುದು, ಡೀಸೆಲ್ ಉಳಿಯುತ್ತದೆ, ಟೈರು ಸವೆಯುವುದಿಲ್ಲ. ನಮ್ಮ ಘಾಟಿ 55 ಕಿಲೋಮೀಟರ್. ಲಾರಿಗಳನ್ನು ಸಾಲಾಗಿ ಹತ್ತಿಸಿ, ಸರಪಳಿ ಬಿಗಿದು, ಎಂಜಿನ್ ಕಟ್ಟಿ, ಹಳಿ ಖಾಲಿಯಾಗುವವರೆಗೆ ಕಾದು ಹೊರಡುವಷ್ಟರಲ್ಲಿ ಶಿರಾಡಿಯ ಲಾರಿ ಘಟ್ಟ ದಾಟಿರುತ್ತದೆ. ಸರಕಿನ ಜೊತೆಗೆ ಲಾರಿಯ ಸ್ವಂತ ತೂಕವನ್ನೂ 50ಕ್ಕೆ 1ರ ಏರಿನಲ್ಲಿ ಎಳೆಯಬೇಕು. ಸುರಂಗದ ಮಾಳಿಗೆಯಲ್ಲಿ 25,000 ವೋಲ್ಟ್ ತಂತಿ ಇರುವಾಗ ಎತ್ತರದ ಲಾರಿಗಳಿಗೆ ಮಿತಿ ಬೇರೆ. ಈ ಬೇಡಿಕೆಯನ್ನು ಆಗಾಗ ಸಭೆಗಳಲ್ಲಿ ಕೇಳುತ್ತೇನೆ. ಅದಕ್ಕೆ ಖರ್ಚಾಗುವ ಹುರುಪು ಬೇರೆ ಕಡೆ ಹೋಗಲಿ ಎಂಬುದು ನನ್ನ ಮನವಿ.

ವಿದ್ಯುದೀಕರಣ ನಿಜಕ್ಕೂ ದೊಡ್ಡ ಹೆಜ್ಜೆ. 2025ರಲ್ಲಿ ಹಲವು ತಿಂಗಳು ಹಗಲಿನ ಪ್ರಯಾಣಿಕರ ರೈಲುಗಳನ್ನು ನಿಲ್ಲಿಸಿ ಘಾಟಿಯಲ್ಲಿ ಆ ಕೆಲಸ ಮಾಡಿದರು. ಮಳೆಯಲ್ಲಿ, ಸುರಂಗಗಳೊಳಗೆ ದುಡಿದವರಿಗೆ ನಾವೆಲ್ಲ ಋಣಿಗಳು. ಆದರೆ ಅದು ಏನು ಮಾಡಬಲ್ಲದು ಎಂಬುದನ್ನು ಸರಿಯಾಗಿ ತಿಳಿಯಬೇಕು. ಎಂಜಿನ್ ಎಷ್ಟು ಭಾರ ಎಳೆಯುತ್ತದೆ ಎಂಬುದನ್ನು ಕೊನೆಗೆ ತೀರ್ಮಾನಿಸುವುದು ಚಕ್ರಕ್ಕೆ ಹಳಿಯ ಮೇಲೆ ಸಿಗುವ ಹಿಡಿತ. ಅದರಲ್ಲಿ ವಿದ್ಯುತ್ ಎಂಜಿನ್ನಿಗೂ ಡೀಸೆಲ್ಲಿಗೂ ಅಜಗಜಾಂತರವಿಲ್ಲ. ವ್ಯತ್ಯಾಸ ಇರುವುದು ಶಕ್ತಿಯಲ್ಲಿ. 6,000 ಅಶ್ವಶಕ್ತಿಯ ವಿದ್ಯುತ್ ಎಂಜಿನ್ ಅದೇ ಭಾರವನ್ನು ಏರಿನಲ್ಲಿ ಇನ್ನಷ್ಟು ವೇಗವಾಗಿ ಒಯ್ಯುತ್ತದೆ. ಇಳಿಯುವಾಗ ಬ್ರೇಕಿನ ಶಕ್ತಿಯನ್ನು ವಿದ್ಯುತ್ತಾಗಿ ತಂತಿಗೆ ಮರಳಿಸುತ್ತದೆ. ಸುರಂಗದಲ್ಲಿ ಹೊಗೆ ಇರುವುದಿಲ್ಲ, ಘಾಟಿಗಾಗಿಯೇ ಎಂಜಿನ್ ಬದಲಿಸುವ ಕೆಲಸ ತಪ್ಪುತ್ತದೆ. ಹೀಗೆ ಪ್ರತಿ ರೈಲಿಗೆ ಅಷ್ಟಿಷ್ಟು ಸಮಯ ಉಳಿದರೆ ದಿನಕ್ಕೆ ಇನ್ನೂ ಕೆಲವು ರೈಲುಗಳಿಗೆ ಜಾಗ ಸಿಗುತ್ತದೆ. ಬ್ಯಾಂಕರ್‌ಗಳು ಮಾತ್ರ ಇದ್ದೇ ಇರುತ್ತವೆ. ಹಳಿ ಒಂಟಿಯೇ. ಗುಡ್ಡವೂ ಅದೇ.

ಆ ಹೊಸ ಜಾಗ ಯಾರಿಗೆ ಸಿಗಬೇಕು ಎಂಬುದರಲ್ಲಿ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರವಿದೆ. ಈಗಿನ ರೂಢಿಯಂತೆ ಅದು ಕಲ್ಲಿದ್ದಲಿಗೆ ಅಥವಾ ಇನ್ನೊಂದು ಪ್ರಯಾಣಿಕರ ರೈಲಿಗೆ ಹೋಗುತ್ತದೆ. ಎರಡೂ ಬೇಕಾದವೇ, ಆದರೆ ಅವುಗಳಿಂದ ಶಿರಾಡಿಯ ಲಾರಿ ಕಡಿಮೆಯಾಗುವುದಿಲ್ಲ. ಕಡಿಮೆಯಾಗಬೇಕಾದರೆ ವಾರಕ್ಕೆ ಎರಡೋ ಮೂರೋ ದಿನ, ಗೊತ್ತಾದ ಹೊತ್ತಿಗೆ, ಪೆಟ್ಟಿಗೆ ತುಂಬಿರಲಿ ಬಿಡಲಿ, ಬೆಂಗಳೂರಿನಿಂದ ಹಾಸನದ ಮೂಲಕ ಪಣಂಬೂರಿಗೆ ಕಂಟೇನರ್ ರೈಲು ಹೊರಡಬೇಕು. ತುಂಬಿದಾಗ ಮಾತ್ರ ಓಡುವ ರೈಲನ್ನು ನಂಬಿ ಯಾರೂ ಹಡಗಿನಲ್ಲಿ ಜಾಗ ಕಾಯ್ದಿರಿಸುವುದಿಲ್ಲ. ಮೊದಲ ಒಂದೆರಡು ವರ್ಷ ಅರ್ಧ ಖಾಲಿ ಓಡುವ ನಷ್ಟವನ್ನು ಬಂದರು, ರೈಲ್ವೆ ಮತ್ತು ರಾಜ್ಯ ಸರ್ಕಾರ ಹಂಚಿಕೊಳ್ಳಬೇಕು. ಮಾರ್ಗ ಕಟ್ಟಲು ಈ ಮೂವರೇ ಒಂದು ಕಂಪನಿಯಲ್ಲಿ ಕೈಜೋಡಿಸಿದ್ದರು, ಓಡಿಸಲು ಏಕೆ ಆಗಬಾರದು? ಹಾಸನದಲ್ಲಿ ಹತ್ತಿಪ್ಪತ್ತು ಪೆಟ್ಟಿಗೆ ಸೇರಿಸಲು ಒಂದು ನಿಲುಗಡೆ ಇದ್ದರೆ ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿಯ ಒಂದು ಪಾಲು ಅಲ್ಲಿಗೆ ಬರಬಹುದು. 2021ರ ಗತಿಶಕ್ತಿ ಸರಕು ಟರ್ಮಿನಲ್ ನೀತಿ ಬಂದ ಮೇಲೆ ಅಂಥ ನಿಲುಗಡೆಯನ್ನು ಖಾಸಗಿಯವರೂ ಕಟ್ಟಬಹುದು.

ಇನ್ನೊಂದು ತೊಡಕು ನಕ್ಷೆಯಲ್ಲೇ ಇದೆ. ಪಣಂಬೂರಿನಲ್ಲಿ ಹೊರಟ ರೇಕ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ ಹಳಿಯಲ್ಲಿ ಜೋಕಟ್ಟೆ, ಕುಲಶೇಖರ ದಾಟಿ, ಇಪ್ಪತ್ತು ಕಿಲೋಮೀಟರ್ ತುಂಬುವ ಮೊದಲೇ ಪಡೀಲ್‌ನ ಹತ್ತಿರ ನೈರುತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಕೈ ಬದಲಾಗುತ್ತದೆ. ಬಂದರಿನ ಬಡಗು ಬದಿಗೆ ತೋಕೂರಿನಿಂದಾಚೆ ಕೊಂಕಣ ರೈಲ್ವೆ. ಒಂದು ಬಂದರಿಗೆ ಮೂರು ಯಜಮಾನರು. ಎಂಜಿನ್ ಯಾರದು, ಸಿಬ್ಬಂದಿ ಯಾರದು, ಖಾಲಿ ವ್ಯಾಗನ್ ಯಾರು ಕೊಡಬೇಕು ಎಂಬ ಪ್ರತಿಯೊಂದಕ್ಕೂ ಮಾತುಕತೆ ಬೇಕು. ಆ ಮಾತುಕತೆಯಲ್ಲಿ ಕಳೆಯುವ ಗಂಟೆಗಳನ್ನು ನಾನು ಬಹಳ ಎಣಿಸಿದ್ದೇನೆ. ಕೊಂಕಣ ರೈಲ್ವೆಯನ್ನು ಭಾರತೀಯ ರೈಲ್ವೆಯಲ್ಲಿ ವಿಲೀನ ಮಾಡಲು 2025ರಲ್ಲಿ ಮಹಾರಾಷ್ಟ್ರವೂ ಒಪ್ಪಿದೆ. ಆ ಹೊತ್ತಿಗೆ ಗಡಿಗಳನ್ನು ಹೊಸದಾಗಿ ಎಳೆಯುವುದಾದರೆ, ಪಣಂಬೂರಿನಿಂದ ಹಾಸನದವರೆಗಿನ ಹಳಿ ಒಂದೇ ವಿಭಾಗದ ಕೈಯಲ್ಲಿರಬೇಕು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಮಂಗಳೂರಿಗೆ ಸ್ವಂತ ವಿಭಾಗ ಬೇಕೆಂಬ ಬೇಡಿಕೆಯನ್ನು ಊರಿನ ಅಭಿಮಾನದ ಮಾತು ಎಂದು ತಳ್ಳಿಹಾಕುವವರು ಈ ಲೆಕ್ಕವನ್ನು ನೋಡಿದವರಲ್ಲ.

ನೀವು ಮನೆಯಿಂದಲೇ ಗಮನಿಸಬಹುದಾದ ಒಂದು ಗುರುತು ಹೇಳುತ್ತೇನೆ. ಸಕಲೇಶಪುರದಲ್ಲಿ ಮೇಲೆ ಬರುವ ಗಾಡಿಯ ವ್ಯಾಗನ್‌ಗಳನ್ನು ನೋಡಿ. ಎತ್ತರದ ಪಕ್ಕೆಗಳ ತೆರೆದ ವ್ಯಾಗನ್ ಆದರೆ ಕಲ್ಲಿದ್ದಲು, ಬಾಗಿಲು ಮುಚ್ಚಿದ್ದಾದರೆ ಬಹುಶಃ ಗೊಬ್ಬರ. ತಟ್ಟೆಯಂತೆ ಚಪ್ಪಟೆಯಾದ ವ್ಯಾಗನ್‌ಗಳ ಮೇಲೆ ಬಣ್ಣ ಬಣ್ಣದ ಪೆಟ್ಟಿಗೆಗಳು, ಅದೂ ಪ್ರತಿ ವಾರ ಅದೇ ದಿನ, ಅದೇ ಹೊತ್ತಿಗೆ ದಾಟತೊಡಗಿದರೆ ದಯವಿಟ್ಟು ನನಗೊಂದು ಕಾಗದ ಬರೆಯಿರಿ.